ನಿಮಗಿದು ಗೊತ್ತೆ? ಫೈಲು ಕುಗ್ಗಿಸಿ ಪ್ರೊಸೆಸರ್ ತಾಕತ್ತು ನೋಡಬಹುದು!

ಫೈಲುಗಳನ್ನು ಕುಗ್ಗಿಸಿಡುವ ಉಚಿತ ತಂತ್ರಾಂಶ 7-ಜಿಪ್ ಪ್ರೊಸೆಸರಿನ ಕಸುವನ್ನೂ ಅಳೆಯುತ್ತದೆ. ರಷ್ಯಾದ ಇಗೊರ್ ಪಾವ್ಲೊವ್ 1999ರಲ್ಲಿ ಹೊರತಂದ ತಂತ್ರಾಂಶವಿದು. ಇದರ ‘ಟೂಲ್ಸ್’ ಮೆನುವಿನಲ್ಲಿ ‘ಬೆಂಚ್‌ಮಾರ್ಕ್’ ಒತ್ತಿದರೆ ಸಾಕು. ನಾವು ಫೈಲು ಕೊಡಬೇಕಿಲ್ಲ, ದತ್ತಾಂಶವನ್ನು ತಾನೇ ಸೃಷ್ಟಿಸಿಕೊಂಡು ಕುಗ್ಗಿಸಿ, ಮತ್ತೆ ಬಿಡಿಸುತ್ತದೆ. ಎರಡಕ್ಕೂ ಬೇರೆ ಬೇರೆ ಅಂಕ. ಕುಗ್ಗಿಸುವಾಗ, ಈ ಮೊದಲೇ ಬಂದುಹೋದ ಸಾಲುಗಳಿಗಾಗಿ ಮೆಮೊರಿಯಲ್ಲಿ ತಡಕಾಡಬೇಕು. ಹಾಗಾಗಿ ರ‍್ಯಾಮ್ ನಿಧಾನವಾದರೆ, ಕ್ಯಾಶ್ ಚಿಕ್ಕದಾದರೆ ಅಂಕ ಇಳಿಯುತ್ತದೆ. ಬಿಡಿಸುವಾಗ ಒರೆಗೆ ಹಚ್ಚುವುದು ಪೂರ್ಣಾಂಕ ಲೆಕ್ಕದ ವೇಗವನ್ನು, ಜೊತೆಗೆ ಮುಂದಿನ ಕವಲನ್ನು ಮೊದಲೇ ಊಹಿಸುವ ಪ್ರೊಸೆಸರಿನ ಜಾಣ್ಮೆಯನ್ನು. ದಶಮಾಂಶ ಲೆಕ್ಕದ ಗೊಡವೆ ಇದಕ್ಕಿಲ್ಲ, ಗ್ರಾಫಿಕ್ಸ್ ಕಾರ್ಡಿನದಂತೂ ಇಲ್ಲವೇ ಇಲ್ಲ. ಗೇಮ್ ಆಡಲೆಂದು ಕಂಪ್ಯೂಟರ್ ಕೊಳ್ಳುವವರು ಇದೊಂದೇ ಅಂಕ ನಂಬಿ ದುಡ್ಡು ಸುರಿಯಬೇಡಿ.