ಹಾವಿಗೆ ಹುಳವೆಂಬ ಹೆಸರು

ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಊರು. ರಾಯಚೂರು ಜಿಲ್ಲೆಯ ಈ ಸೀಮೆಯಲ್ಲಿ ಕನ್ನಡದ ಜೊತೆಗೆ ತೆಲುಗು, ಉರ್ದು ಮಾತುಗಳೂ ಕಿವಿಗೆ ಬೀಳುತ್ತವೆ. ಕನ್ನಡಿಗರ ‘ಹಾವು’ ತೆಲುಗರಿಗೆ ‘ಪಾಮು’, ಉರ್ದು ಮಾತಾಡುವವರಿಗೆ ‘ಸಾಂಪ್’.

ಇವುಗಳಲ್ಲಿ ಹಾವು, ಪಾಮು ಒಂದೇ ಬೇರಿನವು. ತಮಿಳು, ಮಲಯಾಳಂಗಳ ‘ಪಾಂಬು’ ಕೂಡ ಇದೇ ಬಳಗದ್ದು. ಹಳಗನ್ನಡದಲ್ಲಿ ಇದು ‘ಪಾವು’ ಆಗಿತ್ತು. ಹತ್ತನೆಯ ಶತಮಾನದ ಆಚೀಚೆ ಪದದ ಮೊದಲ ಪಕಾರ ಹಕಾರಕ್ಕೆ ತಿರುಗತೊಡಗಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು. ‘ಸಾಂಪ್’ ಮಾತ್ರ ಸಂಸ್ಕೃತದ ‘ಸರ್ಪ’ದಿಂದ ಬಂದದ್ದು. ಸರ್ಪವೆಂದರೆ ತೆವಳುವುದು ಎಂದರ್ಥ. ಇಂಗ್ಲಿಷಿನ ‘ಸರ್ಪೆಂಟ್’ ಅದರ ದೂರದ ನಂಟ. ಅದೇ ಭಾಷೆಯ ‘ಸ್ನೇಕ್’ ಬೇರೆ ಬೇರಿನದಾದರೂ ಅದರ ಮೂಲಾರ್ಥವೂ ತೆವಳುವುದೇ.

ಆದರೆ ಕತ್ತಲಾದ ಮೇಲೆ ಹಳ್ಳಿಗಳಲ್ಲಿ ಈ ಹೆಸರು ಬಾಯಿಗೆ ಬರುವುದು ಕಡಿಮೆ. ಹೆಸರೆತ್ತಿದರೆ ಹಾವೇ ಬಂದೀತೆಂಬ ಅಂಜಿಕೆ. ಆಗ ಅದು ಬರೀ ‘ಹುಳ’. ಕಚ್ಚಿತು ಎನ್ನುವುದೂ ಇಲ್ಲ, ‘ಹುಳ ಮುಟ್ಟಿತು’ ಎನ್ನುತ್ತಾರೆ. ತೆಲುಗರೂ ಹಾವನ್ನು ‘ಪುರುಗು’ ಎನ್ನುವುದುಂಟು. ಪುರುಗು ಎಂದರೂ ಹುಳವೇ.

ಹಾವಿಗೂ ಹುಳಕ್ಕೂ ಇರುವ ಈ ನಂಟು ನಮ್ಮಲ್ಲಿ ಮಾತ್ರವಲ್ಲ. ಹಳೆಯ ಇಂಗ್ಲಿಷಿನ ‘ವಿರ್ಮ್’ ಎಂಬ ಪದಕ್ಕೆ ಹುಳ, ಹಾವು ಎರಡೂ ಅರ್ಥಗಳಿದ್ದವು. ಅದರಿಂದ ಬಂದ ‘ವರ್ಮ್’ ಇಂದು ಹುಳವಾಗಿ ಉಳಿದಿದೆ. ಸ್ವೀಡನ್ನಿನ ಭಾಷೆಯಲ್ಲಿ ಅದೇ ಬೇರಿನ ‘ಉರ್ಮ್’ ಹಾವಾಗಿದೆ. ಅಲ್ಲಿ ಒಂದೇ ಪದ ಎರಡು ದಾರಿ ಹಿಡಿಯಿತು. ಇಲ್ಲಿ ಹೆದರಿದ ನಾಲಿಗೆ ಒಂದರ ಹೆಸರನ್ನು ಇನ್ನೊಂದಕ್ಕೆ ಇಟ್ಟಿತು.

ಈ ಅಂಜಿಕೆಗೆ ಕಾರಣವಿಲ್ಲದಿಲ್ಲ. 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜಿಸಿದ್ದಾರೆ. ಅವರಲ್ಲಿ ಹಳ್ಳಿಯವರೇ ಹೆಚ್ಚು. ಪ್ರತಿಯೊಂದು ಹಾವು ಕಡಿತವೂ ಸರ್ಕಾರಕ್ಕೆ ವರದಿಯಾಗಬೇಕೆಂದು ಕರ್ನಾಟಕ 2024ರಲ್ಲಿ ಗೊತ್ತುಮಾಡಿತು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ಇದೆ. ಆದರೆ ಅದು ಹೊತ್ತಿಗೆ ಸರಿಯಾಗಿ ಸಿಗಬೇಕು.

ಪರ ಊರಿನಿಂದ ಬಂದ ವೈದ್ಯರಿಗೆ ‘ಹುಳ ಮುಟ್ಟಿದೆ’ ಎಂದರೆ ಚೇಳೋ ಜೇನೋ ಎಂದು ತೋರಬಹುದು. ಮನೆಯಲ್ಲಿ ಅದು ಹುಳವಾಗಿಯೇ ಇರಲಿ. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ಹಾವನ್ನು ಹಾವೆಂದೇ ಹೇಳಬೇಕು.