ದೊಡ್ಡ ಹೋಟೆಲ್ ಊಟ: ಕೊಟ್ಟ ದುಡ್ಡಿಗೆ ಮೋಸ ಇಲ್ವಾ? ಸರ್ವಿಸ್ ಚಾರ್ಜ್ ಕೊಡಲೇಬೇಕಾ? ಇಲ್ಲಿದೆ ಪೂರ್ತಿ ಲೆಕ್ಕ

ತುಮಕೂರು: ಮದುವೆ ವಾರ್ಷಿಕೋತ್ಸವ, ಮಗಳ ರಿಸಲ್ಟು, ಮಗನ ಮೊದಲ ಸಂಬಳ, ಬೀಗರ ಜೊತೆ ಮಾತುಕತೆ. ಇಂಥ ದಿನಗಳಲ್ಲಿ ತಿಪಟೂರು, ಗುಬ್ಬಿ, ಶಿರಾ ಕಡೆಯ ಕುಟುಂಬಗಳೂ ಈಗ ತುಮಕೂರಿನ ಎಸಿ ಫ್ಯಾಮಿಲಿ ರೆಸ್ಟೋರೆಂಟ್‌ಗೋ, ಬೆಂಗಳೂರಿನ ಸ್ಟಾರ್ ಹೋಟೆಲ್‌ಗೋ ಹೋಗುವುದು ಮಾಮೂಲಿಯಾಗಿದೆ. ಊಟ ಚೆನ್ನಾಗಿಯೇ ಆಗುತ್ತೆ. ಫೋಟೋನೂ ಸ್ಟೇಟಸ್‌ಗೆ ಬೀಳುತ್ತೆ. ಕಷ್ಟ ಶುರುವಾಗೋದು ಬಿಲ್ ಬಂದಾಗ.

ಬಿಲ್ಲನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟು ತಂದುಕೊಡುತ್ತಾರೆ. ಮನೆ ಯಜಮಾನರು ಕೊನೆಯ ಸಾಲಿನ ಮೊತ್ತ ಮಾತ್ರ ನೋಡಿ, ದುಡ್ಡು ಕೊಟ್ಟು ಎದ್ದುಬಿಡುತ್ತಾರೆ. ಮೇಲಿನ ಸಾಲುಗಳನ್ನು ಓದೋಕೆ, ಕೇಳೋಕೆ ಒಂಥರಾ ಸಂಕೋಚ. ಅಂಗಡಿಯಲ್ಲಿ ಎರಡು ರೂಪಾಯಿ ಚೌಕಾಸಿಗೂ ಬಿಡದವರು ಇಲ್ಲಿ ನಾನೂರು ರೂಪಾಯಿ ಕೇಳದೇ ಬಿಟ್ಟು ಬರ್ತಾರೆ. ಆಮೇಲೆ ಕಾರಲ್ಲಿ ಕೂತು, 'ಈ ದುಡ್ಡಿಗೆ ಮನೇಲಿ ಹಬ್ಬ ಮಾಡಬಹುದಿತ್ತು' ಅನ್ನೋ ಮಾತು ಬರುತ್ತೆ.

ಹಾಗಾದರೆ ದೊಡ್ಡ ಹೋಟೆಲ್ ಊಟ ನಿಜಕ್ಕೂ ದಂಡವಾ? ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕು. ಒಂದು, ಆ ದುಡ್ಡು ಯಾವುದಕ್ಕೆ ಹೋಗುತ್ತೆ. ಎರಡು, ಬಿಲ್ಲಲ್ಲಿ ಇರೋದರಲ್ಲಿ ಯಾವುದು ಕೊಡಲೇಬೇಕು, ಯಾವುದು ನಮ್ಮ ಇಷ್ಟ.

ದುಡ್ಡು ಅಡುಗೆಗಲ್ಲ, ಕುರ್ಚಿಗೆ

ಹೋಟೆಲ್ ಉದ್ಯಮದಲ್ಲಿ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಹೀಗಿದೆ: ಮೆನುವಿನಲ್ಲಿ ಬರೆದ ಬೆಲೆಯ ಸುಮಾರು ಮೂರನೇ ಒಂದು ಭಾಗ ಮಾತ್ರ ದಿನಸಿ, ತರಕಾರಿ, ಹಾಲು, ಮಾಂಸದ ಖರ್ಚು. ಉಳಿದದ್ದು ಬಾಡಿಗೆ, ಅಡುಗೆಯವರ ಮತ್ತು ಸಪ್ಲೈಯರ್‌ಗಳ ಸಂಬಳ, ಕರೆಂಟು, ಎಸಿ, ಕಮರ್ಷಿಯಲ್ ಸಿಲಿಂಡರ್, ಹಾಳಾಗುವ ಪದಾರ್ಥ, ಕೊನೆಗೆ ಲಾಭ. 400 ರೂಪಾಯಿ ಪನೀರ್ ಮಸಾಲಾದಲ್ಲಿ ಪನೀರ್, ಬೆಣ್ಣೆ, ಮಸಾಲೆ ಎಲ್ಲಾ ಸೇರಿ ನೂರಮೂವತ್ತರ ಆಸುಪಾಸು ಇದ್ದರೆ ಅದು ಆ ಲೆಕ್ಕಕ್ಕೆ ಸರಿಯೇ.

ಇದು ಅಂಗಡಿ ನಡೆಸುವವರಿಗೆ ಬೇಗ ಅರ್ಥವಾಗುತ್ತೆ. ಸರಕು ಬೇಗ ಖಾಲಿಯಾದರೆ ಕಡಿಮೆ ಲಾಭದಲ್ಲೂ ವ್ಯಾಪಾರ ನಡೆಯುತ್ತೆ. ನಿಧಾನಕ್ಕೆ ಹೋಗೋ ಸರಕಿಗೆ ಲಾಭ ಜಾಸ್ತಿ ಇಡಲೇಬೇಕು. ಹೋಟೆಲ್‌ನಲ್ಲಿ ಆ ಸರಕು ಅಂದ್ರೆ ಕುರ್ಚಿ.

ದರ್ಶಿನಿಯನ್ನೇ ತಗೊಳ್ಳಿ. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಈ ಪದ್ಧತಿ ರಾಜ್ಯದ ತುಂಬಾ ಹಬ್ಬಿತು. ಟೋಕನ್ ತಗೋ, ತಟ್ಟೆ ಹಿಡಿ, ನಿಂತು ತಿನ್ನು, ಹೊರಡು. ಹತ್ತು ನಿಮಿಷಕ್ಕೆ ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರ್ತಾನೆ. ಅದಕ್ಕೇ ಅಲ್ಲಿ ಇಡ್ಲಿ, ದೋಸೆ ಕಡಿಮೆ ಬೆಲೆಗೆ ಸಿಗೋದು. ದೊಡ್ಡ ರೆಸ್ಟೋರೆಂಟ್‌ನಲ್ಲಿ ಒಂದು ಕುಟುಂಬ ಕೂತರೆ ಒಂದೂವರೆ, ಎರಡು ಗಂಟೆ ಏಳಲ್ಲ. ಒಂದು ರಾತ್ರಿಗೆ ಒಂದು ಟೇಬಲ್‌ಗೆ ಎರಡು ಗುಂಪು ಕೂತರೆ ಹೆಚ್ಚು. ಇಡೀ ದಿನದ ಬಾಡಿಗೆ ಆ ಎರಡು ಗುಂಪಿನ ತಲೆ ಮೇಲೆ ಬೀಳುತ್ತೆ.

ಅಂದ್ರೆ ದೊಡ್ಡ ಹೋಟೆಲ್‌ನಲ್ಲಿ ನೀವು ಮುಖ್ಯವಾಗಿ ಕೊಳ್ಳೋದು ಎರಡು ಗಂಟೆ ಹೊತ್ತು ಯಾರೂ ಎಬ್ಬಿಸದ ಜಾಗವನ್ನ. ಅಡುಗೆ ಅದರ ಜೊತೆಗೆ ಬರುತ್ತೆ. ಇದು ತಲೆಯಲ್ಲಿದ್ದರೆ ಯಾವಾಗ ಹೋಗಬೇಕು, ಯಾವಾಗ ಬೇಡ ಅನ್ನೋದು ಅರ್ಧ ತೀರ್ಮಾನ ಆದಂಗೆ.

ಬಿಲ್ಲಿನ ಮೊದಲ ಸಾಲು: ಜಿಎಸ್‌ಟಿ

'ಎಸಿ ಇದ್ದರೆ 18 ಪರ್ಸೆಂಟ್' ಅನ್ನೋದು ಇನ್ನೂ ಅನೇಕರ ನಂಬಿಕೆ. ಅದು ಹಳೇ ಕಥೆ. 2017ರ ನವೆಂಬರ್ 15ರಿಂದ ಮಾಮೂಲಿ ರೆಸ್ಟೋರೆಂಟ್‌ಗಳಿಗೆ ಎಸಿ ಇರಲಿ, ಇಲ್ಲದಿರಲಿ, ಶೇ. 5 ಜಿಎಸ್‌ಟಿ. ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಬಿಲ್ಲಲ್ಲಿ ಎರಡು ಸಲ 2.5 ಅಂತ ಕಾಣೋದು ಅದಕ್ಕೇ.

18 ಪರ್ಸೆಂಟ್ ಬೀಳೋದು ಮುಖ್ಯವಾಗಿ ದೊಡ್ಡ ಲಾಡ್ಜಿಂಗ್ ಹೋಟೆಲ್‌ಗಳ ಒಳಗಿನ ರೆಸ್ಟೋರೆಂಟ್‌ನಲ್ಲಿ. ರೂಮಿನ ಬಾಡಿಗೆ ದಿನಕ್ಕೆ 7,500 ರೂ. ದಾಟುವ ಹೋಟೆಲ್‌ಗಳು ಈ ಲೆಕ್ಕಕ್ಕೆ ಬರುತ್ತವೆ. ಬೆಂಗಳೂರಿನ ಸ್ಟಾರ್ ಹೋಟೆಲ್‌ಗೆ ಹೋದರೆ 18 ಅಂತಲೇ ಮನಸ್ಸಲ್ಲಿ ಇಟ್ಟುಕೊಂಡು ಹೋಗುವುದು ಒಳ್ಳೇದು.

ಇನ್ನೊಂದು ಕಡೆ, ಕಾಂಪೊಸಿಷನ್ ಸ್ಕೀಮ್‌ನಲ್ಲಿರುವ ಸಣ್ಣ ಹೋಟೆಲ್‌ಗಳು ಗಿರಾಕಿಯಿಂದ ಜಿಎಸ್‌ಟಿ ಅಂತ ಪ್ರತ್ಯೇಕವಾಗಿ ಒಂದು ರೂಪಾಯಿಯನ್ನೂ ತಗೊಳ್ಳುವಂತಿಲ್ಲ. ತೆರಿಗೆ ಅವರ ಕೈಯಿಂದಲೇ ಕಟ್ಟಬೇಕು. ತಾವು ಕಾಂಪೊಸಿಷನ್ ತೆರಿಗೆದಾರರು, ತೆರಿಗೆ ವಸೂಲಿ ಮಾಡುವಂತಿಲ್ಲ ಅನ್ನೋದು ಅವರ ಬಿಲ್ಲಲ್ಲೇ ಇರಬೇಕು.

ವರ್ತಕರಿಗೆ ಒಂದು ಮಾತು: ಅಂಗಡಿಯ ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ತಗೊಂಡರೂ ಮನೆಯವರ ಅಥವಾ ಗಿರಾಕಿಗಳ ಹೋಟೆಲ್ ಊಟದ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಸಿಗಲ್ಲ. ಕಾಯ್ದೆಯಲ್ಲೇ ಅದನ್ನು ತಡೆಹಿಡಿಯಲಾಗಿದೆ.

ಎರಡನೇ ಸಾಲು: ಸರ್ವಿಸ್ ಚಾರ್ಜ್

ಜನ ಹೆಚ್ಚು ದುಡ್ಡು ಬಿಟ್ಟು ಬರೋದು ಇಲ್ಲಿ. ಸರ್ವಿಸ್ ಚಾರ್ಜ್ ಅಂದ್ರೆ ಸರ್ಕಾರದ ತೆರಿಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಇದು ಹೋಟೆಲ್‌ನವರು ತಾವೇ ಹಾಕಿಕೊಳ್ಳುವ ಮೊತ್ತ. ಸಾಮಾನ್ಯವಾಗಿ ಶೇ. 5ರಿಂದ 10, ಕೆಲವು ಕಡೆ ಇನ್ನೂ ಜಾಸ್ತಿ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಈ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರ ಸಾರ ಇಷ್ಟು:

* ಬಿಲ್ಲಿಗೆ ಸರ್ವಿಸ್ ಚಾರ್ಜ್ ತಾನಾಗಿಯೇ ಸೇರಿಸುವಂತಿಲ್ಲ.
* ಬೇರೆ ಹೆಸರಿಟ್ಟೂ ವಸೂಲಿ ಮಾಡುವಂತಿಲ್ಲ.
* ಕೊಡುವುದು ಬಿಡುವುದು ಗಿರಾಕಿಯ ಇಷ್ಟ ಅಂತ ಹೋಟೆಲ್‌ನವರೇ ಹೇಳಬೇಕು.
* ಕೊಡಲ್ಲ ಅಂದ ಮಾತ್ರಕ್ಕೆ ಒಳಗೆ ಬಿಡಲ್ಲ, ಸರ್ವ್ ಮಾಡಲ್ಲ ಅನ್ನುವಂತಿಲ್ಲ.
* ಊಟದ ಬಿಲ್ಲಿಗೆ ಅದನ್ನು ಸೇರಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ.

ಹೋಟೆಲ್ ಸಂಘಗಳು ಇದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದ್ದವು. 2025ರ ಮಾರ್ಚ್ 28ರಂದು ಕೋರ್ಟ್ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಸಂಘಗಳು ಅದರ ವಿರುದ್ಧ ಮೇಲ್ಮನವಿಯನ್ನೂ ಹಾಕಿಕೊಂಡಿವೆ.

ಲೆಕ್ಕ ಹಾಕಿ ನೋಡಿದ್ರೆ

ಉದಾಹರಣೆಗೆ ನಾಲ್ಕು ಜನರ ಕುಟುಂಬ ತಿಂದ ಐಟಂಗಳ ಮೊತ್ತ 4,000 ರೂ. ಅಂತ ಇಟ್ಟುಕೊಳ್ಳಿ.

* ಮಾಮೂಲಿ ರೆಸ್ಟೋರೆಂಟ್, ಶೇ. 5 ಜಿಎಸ್‌ಟಿ ಮಾತ್ರ: 4,200 ರೂ.
* ಅಲ್ಲೇ ಶೇ. 10 ಸರ್ವಿಸ್ ಚಾರ್ಜ್ ಸೇರಿಸಿ, ಅದರ ಮೇಲೆ ಜಿಎಸ್‌ಟಿ ಹಾಕಿದರೆ: 4,620 ರೂ.
* ಸ್ಟಾರ್ ಹೋಟೆಲ್, ಶೇ. 18 ಜಿಎಸ್‌ಟಿ ಮಾತ್ರ: 4,720 ರೂ.
* ಅಲ್ಲೂ ಶೇ. 10 ಸರ್ವಿಸ್ ಚಾರ್ಜ್ ಸೇರಿಸಿದರೆ: 5,192 ರೂ.

ಅಂದ್ರೆ ಬಾಯಿ ಬಿಡದ ಸಂಕೋಚಕ್ಕೆ ಒಂದು ಕಡೆ 420 ರೂ., ಇನ್ನೊಂದು ಕಡೆ 472 ರೂ. 'ಸರ್ವಿಸ್ ಚಾರ್ಜ್ ತೆಗೆದು ಬೇರೆ ಬಿಲ್ ಕೊಡಿ' ಅಂದರೆ ಸಾಕು. ಜಗಳ ಬೇಡ, ಇಂಗ್ಲಿಷೂ ಬೇಡ. ಕನ್ನಡದಲ್ಲೇ ಕೇಳಿ.

ಹಾಗಂತ ಊಟ ಬಡಿಸಿದ ಹುಡುಗನ ಕೈಗೆ ಏನೂ ಕೊಡಬೇಡಿ ಅಂತಲ್ಲ. ಬಿಲ್ಲಲ್ಲಿ ಸೇರಿದ ಸರ್ವಿಸ್ ಚಾರ್ಜ್ ಹೋಗೋದು ಹೋಟೆಲ್ ಖಾತೆಗೆ. ಅದರಲ್ಲಿ ಅವನಿಗೆ ಎಷ್ಟು ಸಿಗುತ್ತೆ ಅನ್ನೋದು ಮಾಲೀಕರಿಗೆ ಬಿಟ್ಟದ್ದು. ಚೆನ್ನಾಗಿ ನೋಡಿಕೊಂಡ ಅನಿಸಿದರೆ ನೂರೋ ಇನ್ನೂರೋ ನೇರವಾಗಿ ಅವನ ಕೈಗೇ ಕೊಡಬಹುದು.

ನೀರಿನ ಬಾಟಲ್ ಲೆಕ್ಕ

ಕೂತ ತಕ್ಷಣ 'ಮಿನರಲ್ ವಾಟರಾ, ರೆಗ್ಯುಲರ್ ವಾಟರಾ' ಅಂತ ಕೇಳ್ತಾರೆ. ಮಿನರಲ್ ಅಂದರೆ ಬಾಟಲ್, ಅದಕ್ಕೆ ಬೇರೆ ದುಡ್ಡು. ರೆಗ್ಯುಲರ್ ಅಂದರೆ ಫಿಲ್ಟರ್ ಮಾಡಿದ ಸಾದಾ ನೀರು. ಬಾಟಲ್ ಮೇಲೆ ಎಂಆರ್‌ಪಿ 20 ಇದ್ದರೂ ಬಿಲ್ಲಲ್ಲಿ 80 ಯಾಕೆ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಹೋಟೆಲ್, ರೆಸ್ಟೋರೆಂಟ್‌ನಲ್ಲಿ ಕೂತು ಕುಡಿಯುವ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದು, ಅಲ್ಲಿ ಸೇವೆಯೂ ಸೇರಿರುತ್ತೆ ಅಂತ ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಅದಕ್ಕೆ ಶುರುವಿನಲ್ಲೇ 'ಸಾದಾ ನೀರು ಕೊಡಿ' ಅಂದುಬಿಡಿ. ಆದರೆ ಇದು ಕೂತು ತಿನ್ನುವ ಕಡೆಗೆ ಮಾತ್ರ. ಅಂಗಡಿಯಲ್ಲಿ ಬಾಟಲ್ ಕೊಂಡರೆ ಎಂಆರ್‌ಪಿಗಿಂತ ಒಂದು ರೂಪಾಯಿಯೂ ಜಾಸ್ತಿ ಕೊಡಬೇಕಿಲ್ಲ.

ಏನು ತಗೊಂಡ್ರೆ ಲಾಭ?

ಸೂಪು, ಜ್ಯೂಸು, ಮಾಕ್‌ಟೇಲು, ದಾಲು, ಜೀರಾ ರೈಸು. ಇವುಗಳಲ್ಲಿ ಹೋಟೆಲ್‌ಗೆ ಮಾರ್ಜಿನ್ ಜಾಸ್ತಿ. ಮನೇಲಿ ಮಾಡೋಕೂ ಸುಲಭ. ತಂದೂರಿ ಐಟಂ, ನಾನ್, ಮೀನಿನ ವಿಶೇಷ ಅಡುಗೆ, ಬೇರೆ ರಾಜ್ಯ, ಬೇರೆ ದೇಶದ ತಿಂಡಿ, ಹೀಗೆ ನಮ್ಮ ಅಡುಗೆಮನೆಯಲ್ಲಿ ಆಗದ್ದನ್ನು ತಗೊಂಡರೆ ಹೋಗಿದ್ದಕ್ಕೆ ಸಾರ್ಥಕ.

ಮೊದಲಿಗೆ ಸ್ಟಾರ್ಟರ್‌ಗಳನ್ನೇ ನಾಲ್ಕೈದು ಹೇಳಿಬಿಟ್ಟರೆ ಊಟ ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತೆ. ಎರಡು ಹೇಳಿ, ಬೇಕಾದರೆ ಮತ್ತೆ ಹೇಳಿದರಾಯ್ತು. ಒಂದು ಕರಿ ಎಷ್ಟು ಜನಕ್ಕೆ ಆಗುತ್ತೆ ಅಂತ ಕೇಳೋದು ಅವಮಾನ ಅಲ್ಲ, ಸಪ್ಲೈಯರ್‌ಗೆ ದಿನಾ ಬರುವ ಪ್ರಶ್ನೆ ಅದು. ಉಳಿದದ್ದನ್ನು ಪಾರ್ಸೆಲ್ ಕೇಳಿ, ಕಟ್ಟಿಕೊಡ್ತಾರೆ.

ಬಫೆಯಲ್ಲಿ 'ಎಷ್ಟು ಬೇಕಾದರೂ ತಿನ್ನಿ' ಅಂತಾರಲ್ಲ, ಅಲ್ಲೂ ಲೆಕ್ಕ ಇದೆ. ಸೂಪು, ಸಲಾಡು, ಬ್ರೆಡ್ಡು ಮೊದಲಿಗೆ ಸಿಗುವ ಹಾಗೆ ಜೋಡಿಸಿರುತ್ತಾರೆ. ಹೊಟ್ಟೆ ತುಂಬಿದ ಮೇಲೆ ದುಬಾರಿ ಐಟಂ ಕಡೆ ಕೈ ಹೋಗಲ್ಲ. ತಟ್ಟೆ ಹಿಡಿಯುವ ಮೊದಲು ಒಂದು ಸುತ್ತು ಹಾಕಿ ಬನ್ನಿ. ವಾರದ ನಡುವಿನ ಮಧ್ಯಾಹ್ನದ ಬಫೆ ಸಾಮಾನ್ಯವಾಗಿ ಶನಿವಾರ, ಭಾನುವಾರದ್ದಕ್ಕಿಂತ ಅಗ್ಗ. ಅಡುಗೆ ಮಾತ್ರ ಹೆಚ್ಚುಕಮ್ಮಿ ಅದೇ.

ಯಾವಾಗ ಹೋಗಬಹುದು, ಯಾವಾಗ ಬೇಡ?

ಬರೀ ರುಚಿಗೆ ಅಂತಾದರೆ ದೊಡ್ಡ ಹೋಟೆಲ್ ಬೇಕಾಗಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನೋಕೆ ಬೆಂಗಳೂರಿನಿಂದ ಕಾರು ನಿಲ್ಲಿಸಿಕೊಂಡು ಬರ್ತಾರೆ. ಅದೇ ಇಡ್ಲಿಯನ್ನು ಸ್ಟಾರ್ ಹೋಟೆಲ್‌ನಲ್ಲಿ ನಾಲ್ಕೈದು ಪಟ್ಟು ಬೆಲೆಗೆ ತಿಂದರೆ ರುಚಿ ನಾಲ್ಕು ಪಟ್ಟು ಆಗಲ್ಲ. ಹಸಿವಿಗೆ ಅಂತಾದರೂ ಬೇಡ, ಮೆಸ್‌ನಲ್ಲಿ ಮುದ್ದೆ ಊಟ ಇದೆ.

ಕೂತು ಮಾತಾಡೋ ಜಾಗ ಬೇಕು ಅಂದಾಗ ಮಾತ್ರ ಅದಕ್ಕೆ ಬೆಲೆ ಬರುತ್ತೆ. ಎರಡು ಮನೆಯವರು ಮೊದಲ ಸಲ ಸೇರಿ ಸಂಬಂಧದ ಮಾತು ಆಡುವಾಗ, ದೂರದ ಊರಿನ ವ್ಯಾಪಾರಿ ಜೊತೆ ಲೆಕ್ಕ ಬಗೆಹರಿಸುವಾಗ, ವರ್ಷಕ್ಕೊಮ್ಮೆ ಮಕ್ಕಳು ಊರಿಗೆ ಬಂದಾಗ.

ಇನ್ನೊಂದು ಲೆಕ್ಕ ಯಾವ ಬಿಲ್ಲಲ್ಲೂ ಬರಲ್ಲ. ಹಬ್ಬದ ದಿನ ಮನೇಲಿ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರೋದು ಅಮ್ಮ ಅಥವಾ ಸೊಸೆ. ಅಷ್ಟರಲ್ಲಿ ಸಾರು ಆರಿರುತ್ತೆ, ಉಳಿದವರು ಟಿವಿ ಮುಂದೆ ಇರ್ತಾರೆ. 'ಈ ದುಡ್ಡಿಗೆ ಮನೇಲಿ ಹಬ್ಬ ಮಾಡಬಹುದಿತ್ತು' ಅನ್ನೋರು ಆ ಹಬ್ಬದ ಅಡುಗೆ ಯಾರು ಮಾಡಬೇಕಿತ್ತು ಅಂತಲೂ ಯೋಚಿಸಬೇಕು. ಅವರು ಎಲ್ಲರ ಜೊತೆ ಕೂತು ಬಿಸಿ ಬಿಸಿ ಊಟ ಮಾಡ್ತಾರೆ, ತಟ್ಟೆ ತೊಳೆಯೋ ಚಿಂತೆ ಇರಲ್ಲ ಅಂದ್ರೆ ವರ್ಷಕ್ಕೆ ಒಂದೆರಡು ಸಲ ನಾಲ್ಕು ಸಾವಿರ ದಂಡ ಅನ್ನಿಸಲ್ಲ. ಸಾಲ ಮಾಡಿ, ಇಎಂಐ ತಪ್ಪಿಸಿ, ಸ್ಟೇಟಸ್ ಫೋಟೋಗೋಸ್ಕರ ಹೋದರೆ ಮಾತ್ರ ದಂಡವೇ.

ಸರ್ವಿಸ್ ಚಾರ್ಜ್ ತೆಗೆಯಲ್ಲ ಅಂದ್ರೆ ಏನು ಮಾಡಬೇಕು?

1. ಮೊದಲು ಮ್ಯಾನೇಜರ್‌ನ ಕರೆದು ಬಿಲ್ಲಿಂದ ತೆಗೆಯಲು ಹೇಳಿ.
2. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.
3. ದುಡ್ಡು ಕಟ್ಟಲೇಬೇಕಾಗಿ ಬಂದರೆ ಕಟ್ಟಿ, ಬಿಲ್ ಜೋಪಾನವಾಗಿಡಿ. ಫೋಟೋ ತೆಗೆದಿಟ್ಟುಕೊಳ್ಳಿ, ಥರ್ಮಲ್ ಕಾಗದದ ಅಕ್ಷರ ಬರ್ತಾ ಬರ್ತಾ ಮಾಸಿಹೋಗುತ್ತೆ.
4. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಹೋಟೆಲ್ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶ ಇದೆ. 5 ಲಕ್ಷ ರೂ. ಒಳಗಿನ ಮೊತ್ತದ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ.

ಹೋಟೆಲ್ ಮಾಲೀಕರ ಗಮನಕ್ಕೆ

ತಾಲೂಕು ಮಟ್ಟದಲ್ಲೂ ಹೊಸ ಫ್ಯಾಮಿಲಿ ರೆಸ್ಟೋರೆಂಟ್‌ಗಳು ಬರ್ತಿವೆ. ಕಾಂಪೊಸಿಷನ್‌ನಲ್ಲಿದ್ದು ಜಿಎಸ್‌ಟಿ ವಸೂಲಿ ಮಾಡೋದು, ಬೆಂಗಳೂರಲ್ಲಿ ಹಾಕ್ತಾರೆ ಅಂತ ಇಲ್ಲೂ ಸರ್ವಿಸ್ ಚಾರ್ಜ್ ಸೇರಿಸೋದು ಎರಡೂ ತೊಂದರೆ ತರುತ್ತವೆ. 2022ರ ಜನವರಿಯಿಂದ ಬಿಲ್ಲಿನ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರೋದೂ ಕಡ್ಡಾಯ. ಖರ್ಚು ಜಾಸ್ತಿಯಾದರೆ ಮೆನುವಿನಲ್ಲೇ ಬೆಲೆ ಏರಿಸಿ ಬರೆಯಲು ಯಾರ ಅಡ್ಡಿಯೂ ಇಲ್ಲ. ಗಿರಾಕಿ ಆ ಬೆಲೆ ನೋಡಿಕೊಂಡೇ ಆರ್ಡರ್ ಮಾಡ್ತಾನೆ. ಕೊನೆಯ ಸಾಲಿನಲ್ಲಿ ಸೇರಿಸಿದ್ದು ಗೊತ್ತಾದರೆ ಮಾತ್ರ ಮತ್ತೆ ಆ ಕಡೆ ತಲೆ ಹಾಕಲ್ಲ.