ಕಾರಿನ ಸ್ಪ್ರಿಂಗ್ ಬದಲಾವಣೆ: ವಾಹನ ಮಾಲೀಕರ ಗಮನಕ್ಕೆ
ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳ ಸ್ಪೋರ್ಟ್ಸ್ ಕಾರು ಮಾಲೀಕರು ವಾಹನವನ್ನು ತಗ್ಗಿಸುವ ಗಿಡ್ಡ ಸ್ಪ್ರಿಂಗ್ ಕೊಳ್ಳುವ ಮುನ್ನ ಕಾನೂನನ್ನು ತಿಳಿಯುವುದು ಅವಶ್ಯ. ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದನ್ವಯ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದವುಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ತಿದ್ದುಪಡಿಯಂತೆ, ಕಾನೂನು ಅನುಮತಿಸದ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಆರು ತಿಂಗಳವರೆಗಿನ ಕಾರಾವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಅಂಗಡಿಯವರ ಭರವಸೆಯು ಅನುಮತಿಯಾಗದು. ಹಣ ಕೊಡುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ಲಿಖಿತವಾಗಿ ವಿಚಾರಿಸುವುದು.

ಸ್ಪ್ರಿಂಗ್ ಗಿಡ್ಡವಾದಷ್ಟೂ ಚಕ್ರ ಮೇಲೇರಲು ಇರುವ ಅವಕಾಶ ಕುಗ್ಗಿ, ಮೂಲ ಶಾಕ್ ಅಬ್ಸಾರ್ಬರ್ ಬೇಗ ಕೆಡುತ್ತದೆ. ರಸ್ತೆಯುಬ್ಬಿನ ಪ್ರಮಾಣಿತ ಎತ್ತರವೇ 10 ಸೆಂ.ಮೀ.; ಊರ ಮುಂದಿನ ಉಬ್ಬುಗಳೆಲ್ಲ ಅಷ್ಟಕ್ಕೇ ನಿಲ್ಲುವುದಿಲ್ಲ. ಸವೆದ ಸ್ಪ್ರಿಂಗಿನ ಬದಲು ತಯಾರಕರು ಸೂಚಿಸಿದ ಅದೇ ಅಳತೆಯದನ್ನು ಎಡಬಲ ಜೋಡಿಯಾಗಿ ಹಾಕಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ.